ವಿಲ್ಮಾ ಎರಡನೇ ಸಲ ಕೇಳಲಿಲ್ಲ

ಇದು 1998ರ ಬೇಸಿಗೆಯ ಮಾತು. ಆಗ ನಾವು ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿದ್ದೆವು. ನನ್ನ ಯಜಮಾನರಿಗೆ ಅಲ್ಲಿ ಬಂದರಿನ ಒಂದು ಕಂಪನಿಯಲ್ಲಿ ಕೆಲಸ. ಮದುವೆಯಾಗಿ ಎರಡು ವರ್ಷವಾಗಿತ್ತು. ಆ ಜುಲೈನಲ್ಲಿ ನಮ್ಮ ಅತ್ತೆ ಮೈಸೂರಿನಿಂದ ಎರಡು ತಿಂಗಳ ಮಟ್ಟಿಗೆ ಬಂದರು. ಅರವತ್ತೆರಡು ವರ್ಷ, ಸಕ್ಕರೆ ಕಾಯಿಲೆ, ಮಾಂಸ ಮೊಟ್ಟೆಯ ಗಾಳಿಯೂ ಸೋಕಬಾರದು. ನಾಲಿಗೆ ಮಾತ್ರ ಬಹಳ ಚುರುಕು. ನನ್ನ ಅಡುಗೆಯಲ್ಲಿ ಏನಾದರೊಂದು ಕೊರತೆ ಹುಡುಕದೆ ಅವರು ಕೈ ತೊಳೆದವರಲ್ಲ.

ವಾರಕ್ಕೊಮ್ಮೆ ನಾನು ಡಚ್ ಭಾಷೆ ಕಲಿಯಲು ಹೋಗುತ್ತಿದ್ದೆ. ಕಲಿಸುತ್ತಿದ್ದವರು ವಿಲ್ಮಾ ಎಂಬ ನಿವೃತ್ತ ಟೀಚರ್. ರೈಲಿನಲ್ಲಿ ಇಪ್ಪತ್ತು ನಿಮಿಷದ ದೂರದ ಗೌಡಾ ಎಂಬ ಹಳೆಯ ಸಂತೆ ಪಟ್ಟಣ ಅವರ ಊರು. ಅತ್ತೆ ಬಂದಿದ್ದಾರೆ ಎಂದು ಕೇಳಿ, "ಗುರುವಾರ ನಮ್ಮೂರಲ್ಲಿ ಚೀಸ್ ಸಂತೆ. ಅವರನ್ನು ಕರೆದುಕೊಂಡು ಬನ್ನಿ, ಬೆಳಿಗ್ಗೆ ಹತ್ತೂವರೆಗೆ ನಮ್ಮ ಮನೆಯಲ್ಲಿ ಕಾಫಿ" ಎಂದರು.

ಊರಿನ ಹೆಸರು ಕೇಳಿ ಅತ್ತೆಗೆ ನಗುವೋ ನಗು. "ಗೌಡ್ರ ಊರಾ? ಹಾಗಾದ್ರೆ ಊಟಕ್ಕೇನೂ ಕಮ್ಮಿ ಇಲ್ಲ ಬಿಡು!"

ಹೊರಡುವ ಬೆಳಿಗ್ಗೆ ಅವರು ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಲು ಹೊರಟರು. ನಾನು ತಡೆದೆ. "ಅತ್ತೆ, ಅವರು ಮನೆಗೆ ಕರೆದಿದ್ದಾರೆ. ನಾವು ಡಬ್ಬಿ ಹೊತ್ಕೊಂಡು ಹೋದ್ರೆ ಅವಮಾನ ಮಾಡಿದ ಹಾಗಲ್ವಾ? ಕಾಫಿ ಅಂದ್ರೆ ಬರೀ ಕಾಫೀನೇ ಇರುತ್ತಾ?"

"ಅದೂ ನಿಜ" ಎಂದರು ಅತ್ತೆ. ಹೊಟ್ಟೆಯಲ್ಲಿ ಜಾಗ ಇರಲಿ ಎಂದು ಎರಡೇ ಚಮಚ ಉಪ್ಪಿಟ್ಟು ತಿಂದರು. ಆ ಚಿತ್ರಾನ್ನ ಅಡುಗೆಮನೆ ಕಟ್ಟೆಯ ಮೇಲೇ ಉಳಿಯಿತು. ಇವತ್ತಿಗೂ ನೆನೆಸಿಕೊಂಡರೆ ನನ್ನ ತಲೆ ನಾನೇ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ವಿಲ್ಮಾ ಮನೆಯಲ್ಲಿ ಇದ್ದದ್ದು ಬರೀ ಕಾಫಿಯೇ. ಚಂದದ ಬಟ್ಟಲು, ಒಳ್ಳೆಯ ಕಾಫಿ. ಒಂದು ತಗಡಿನ ಡಬ್ಬಿಯ ಮುಚ್ಚಳ ತೆಗೆದು ನಮ್ಮ ಮುಂದೆ ಹಿಡಿದರು. ತಲಾ ಒಂದು ಬಿಸ್ಕತ್ತು ತೆಗೆದುಕೊಂಡೆವು. ಮುಚ್ಚಳ ಮುಚ್ಚಿ ಡಬ್ಬಿ ಬೀರುವಿಗೆ ಹೋಯಿತು. ಬಿಸ್ಕತ್ತಿನಲ್ಲಿ ಮೊಟ್ಟೆ ಇದ್ದೀತೆಂದು ಅತ್ತೆ ಅದನ್ನು ಮೆಲ್ಲನೆ ನನ್ನ ತಟ್ಟೆಗೆ ದಾಟಿಸಿದರು.

ಮಾತು ಮಾತ್ರ ಧಾರಾಳವಾಗಿತ್ತು. ತಮ್ಮೂರಿನ ಚೀಸ್ ಮಾಡುವ ರೀತಿಯನ್ನು ವಿಲ್ಮಾ ಹೆಮ್ಮೆಯಿಂದ ವಿವರಿಸಿದರು. ಹಾಲು ಹೆಪ್ಪಾಗಲು ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದೇನನ್ನೋ ಹಾಕುತ್ತಾರಂತೆ. ನಾನೋ ಮಹಾ ದುಭಾಷಿ, ಅಷ್ಟನ್ನೂ ಅಕ್ಷರ ಬಿಡದೆ ಕನ್ನಡಕ್ಕೆ ಇಳಿಸಿದೆ. ಅತ್ತೆಯ ಮುಖ ಹುಳ್ಳಗಾಯಿತು. ಅಲ್ಲಿಗೆ ಆ ಊರಿನಲ್ಲಿ ಸುಲಭವಾಗಿ ಸಿಗಬಹುದಾಗಿದ್ದ ಒಂದೇ ಒಂದು ಊಟಕ್ಕೂ ನಾನೇ ಕಲ್ಲು ಹಾಕಿಕೊಂಡ ಹಾಗಾಯಿತು.

ಹನ್ನೆರಡು ಹೊಡೆಯಿತು. ವಿಲ್ಮಾ ಎದ್ದು ಮೇಜಿನ ಮೇಲೆ ತಟ್ಟೆಗಳನ್ನಿಟ್ಟರು. ಅವರಿಗೊಂದು, ಅವರ ಗಂಡನಿಗೊಂದು, ನಮಗೆರಡು. ನಮ್ಮ ಕಡೆ ತಿರುಗಿ, "ನಮ್ಮ ಜೊತೆ ಬ್ರೆಡ್ಡು, ತರಕಾರಿ ಸೂಪು ತಿನ್ನುತ್ತೀರಾ?" ಎಂದು ಕೇಳಿದರು.

"ಅಯ್ಯೋ ಬೇಡ ಬೇಡ, ನೀವು ತೊಂದರೆ ತಗೋಬೇಡಿ" ಎಂದೆ ನಾನು. ಅತ್ತೆಯೂ ನಗುತ್ತಾ ಕೈ ಅಲ್ಲಾಡಿಸಿದರು. ನಾವು ಬೆಳೆದದ್ದೇ ಹಾಗೆ. ಮೊದಲನೇ ಸಲ ಬೇಡ ಅನ್ನಬೇಕು. ಅವರು ಬಲವಂತ ಮಾಡಬೇಕು. ಎರಡನೇ ಸಲ "ಈಗ ತಾನೇ ತಿಂದ್ವಿ" ಅನ್ನಬೇಕು. ಮೂರನೇ ಸಲಕ್ಕೆ ಮನೆಯವರು ಕೈ ಹಿಡಿದು ಕೂರಿಸಬೇಕು. ಒಂದೇ ಮಾತಿಗೆ ಒಪ್ಪಿಕೊಂಡರೆ ಊಟ ಕಾಣದವರು ಅಂದುಕೊಳ್ಳುವುದಿಲ್ಲವೇ?

ವಿಲ್ಮಾ "ಸರಿ" ಎಂದರು. ಎರಡು ತಟ್ಟೆಗಳನ್ನು ಎತ್ತಿ ಬೀರುವಿನಲ್ಲಿಟ್ಟರು.

ಅಷ್ಟೇ. ಎರಡನೇ ಸಲ ಕೇಳಲಿಲ್ಲ. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಆ ದೇಶದಲ್ಲಿ ಊಟದ ಹೊತ್ತಿಗೆ ಅತಿಥಿಗಳು ಏಳುವುದು ವಾಡಿಕೆಯೆಂದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಎದ್ದೆವು. ಬಾಗಿಲಲ್ಲಿ ವಿಲ್ಮಾ ನನ್ನ ಕೆನ್ನೆಗೆ ಮೂರು ಮುತ್ತು ಕೊಟ್ಟು ಪ್ರೀತಿಯಿಂದಲೇ ಕಳಿಸಿದರು.

ಬೀದಿಯ ತಿರುವು ದಾಟಿದ ಮೇಲೆ ಅತ್ತೆ ನಿಂತರು. "ಸುಮಾ, ಒಂದು ಎಡವಟ್ಟಾಗಿದೆ ಕಣೆ. ಅವಳು ತಟ್ಟೆ ಇಟ್ಟಿದ್ದು ನೋಡಿ ಮಾತ್ರೆ ನುಂಗಿಬಿಟ್ಟೆ."

ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ಊಟ ಆಗಲೇಬೇಕು, ಇಲ್ಲವಾದರೆ ಸಕ್ಕರೆ ಇಳಿದು ಅಪಾಯ ಎಂದು ಮೈಸೂರಿನ ಡಾಕ್ಟರು ಒತ್ತಿ ಒತ್ತಿ ಹೇಳಿ ಕಳಿಸಿದ್ದರು.

"ವಾಪಸ್ ಹೋಗೋಣ ಅತ್ತೆ, ವಿಲ್ಮಾ ಹತ್ರ ಹೇಳೋಣ."

"ಛೀ, ಬೇಡ ಅಂದು ಬಂದು ಮತ್ತೆ ಹೋಗಿ ಊಟ ಹಾಕಿ ಅಂತ ಕೇಳೋದಾ? ಮಾನ ಮರ್ಯಾದೆ ಬೇಡ್ವಾ? ನಡಿ, ಹೋಟ್ಲಲ್ಲಿ ಏನಾದ್ರೂ ಸಿಗುತ್ತೆ."

ಪಟ್ಟಣದ ನಡುವಿನ ಚೌಕಕ್ಕೆ ಬಂದೆವು. ನಟ್ಟನಡುವೆ ಕಲ್ಲಿನ ಹಳೆಯ ಪುರಭವನ, ಅದರ ಕಿಟಕಿಗಳಿಗೆ ಕೆಂಪು ಬಿಳಿ ಬಾಗಿಲು. ನೆಲದ ಮೇಲೆ ಸಾಲುಸಾಲಾಗಿ ಹಳದಿ ಚೀಸ್ ಗಾಲಿಗಳು. ವ್ಯಾಪಾರಿಗಳು ಒಬ್ಬರ ಅಂಗೈಗೆ ಒಬ್ಬರು ಚಟಾರ್ ಚಟಾರ್ ಎಂದು ಹೊಡೆಯುತ್ತಾ ಚೌಕಾಸಿ ಮಾಡುತ್ತಿದ್ದರು. ಬೇರೆ ದಿನವಾಗಿದ್ದರೆ ಅತ್ತೆ ಅಲ್ಲೇ ನಿಂತು ಒಂದು ಗಂಟೆ ನೋಡುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಬರೀ ಹೋಟೆಲುಗಳ ಬೋರ್ಡು. ಊರು ತುಂಬ ತಿನ್ನುವುದಕ್ಕೆ ಕುಡಿಯುವುದಕ್ಕೆ ಏನೂ ಕಮ್ಮಿಯಿರಲಿಲ್ಲ, ನಮಗಾಗುವಂಥದ್ದು ಮಾತ್ರ ಇರಲಿಲ್ಲ. ಒಂದು ಕಡೆ ಹಸಿ ಮೀನು, ಇನ್ನೊಂದು ಕಡೆ ಹಂದಿಮಾಂಸದ ಚೂರು ತೇಲುವ ಬಟಾಣಿ ಸೂಪು. ಆಲೂಗಡ್ಡೆ ಚಿಪ್ಸ್ ಕರಿಯುತ್ತಿದ್ದ ಎಣ್ಣೆಗೇ ಮಾಂಸದ ಉಂಡೆಗಳೂ ಬೀಳುತ್ತಿದ್ದವು.

ಪಾಕ ತುಂಬಿದ, ದೋಸೆಯಂಥ ಬಿಸಿ ಬಿಸಿ ಸಿಹಿ ಬಿಲ್ಲೆ ಮಾರುತ್ತಿದ್ದವನ ಹತ್ತಿರ ಹೋಗಿ, "ಇದರಲ್ಲಿ ಮೊಟ್ಟೆ ಇದೆಯಾ?" ಎಂದು ಕೇಳಿದೆ. "ಇದೆ ಮತ್ತೆ!" ಎಂದ ಅವನು ಖುಷಿಯಿಂದ. ಇಲ್ಲ ಅಂತ ಸುಳ್ಳು ಹೇಳಿ ಅತ್ತೆಗೆ ತಿನ್ನಿಸಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆ. ನನ್ನನ್ನೇ ನಂಬಿ ನಿಂತಿದ್ದ ಅವರ ಮುಖ ನೋಡಿ ಆಗಲಿಲ್ಲ.

"ಬ್ರೆಡ್ಡಾದ್ರೂ ತಿನ್ನಿ ಅತ್ತೆ."

"ಬರೀ ಬ್ರೆಡ್ಡು ಜ್ವರ ಬಂದೋರು ತಿನ್ನೋದು."

"ಬಾಳೆಹಣ್ಣು?"

"ಸಕ್ಕರೆ ಕಾಯಿಲೆಗೆ ಬಾಳೆಹಣ್ಣು ಕೊಡ್ತೀಯೇನೇ? ನಂಗೇನೂ ಆಗಿಲ್ಲ, ಹಸಿವೂ ಇಲ್ಲ. ನೀನು ಸುಮ್ನೆ ಗಾಬರಿ ಆಗ್ಬೇಡ."

ಹಸಿವಿಲ್ಲ ಎಂದದ್ದೂ ಅದೇ ಥರದ "ಬೇಡ". ಅಲ್ಲಿಯೂ ನಾನು ಎರಡನೇ ಸಲ ಕೇಳಬೇಕಿತ್ತು. ಹಟ ಹಿಡಿಯಬೇಕಿತ್ತು. ಆದರೆ ನನಗೂ ಸಿಟ್ಟು ಬಂದಿತ್ತು. ಸರಿ, ಹಾಗಾದರೆ ಇರಲಿ ಎಂದು ಮುಖ ಊದಿಸಿಕೊಂಡು ಮುಂದೆ ಮುಂದೆ ನಡೆದೆ.

ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅತ್ತೆ ಹಿಂದೆ ಇರಲಿಲ್ಲ. ಪುರಭವನದ ಮೆಟ್ಟಿಲ ಮೇಲೆ ಕೂತಿದ್ದರು. ಓಡಿ ಹೋದೆ. ಹಣೆಯ ಬೆವರಿಗೆ ಕುಂಕುಮ ಮೂಗಿನ ಮೇಲಕ್ಕೆ ಇಳಿದಿತ್ತು. ಕೈ ಹಿಡಿದರೆ ಐಸಿನಷ್ಟು ತಣ್ಣಗಿತ್ತು, ಗಡಗಡ ನಡುಗುತ್ತಿತ್ತು. "ಅತ್ತೆ, ಅತ್ತೆ" ಎಂದರೆ ನನ್ನನ್ನು ದಾಟಿ ಎಲ್ಲೋ ನೋಡುತ್ತಾ, "ಹಾಲು ಉಕ್ಕುತ್ತೆ, ಒಲೆ ಆರಿಸು" ಎಂದರು.

ಎದುರಿಗೇ ಒಂದು ಸಣ್ಣ ಹೋಟೆಲ್ ಕಂಡಿತು. ಹೊರಗಿನ ಕುರ್ಚಿಗಳೆಲ್ಲ ಭರ್ತಿ. ಜನರನ್ನು ತಳ್ಳಿಕೊಂಡೇ ಒಳಗೆ ನುಗ್ಗಿದೆ. ಏಪ್ರನ್ ಕಟ್ಟಿಕೊಂಡಿದ್ದ ಐವತ್ತರ ಒಬ್ಬ ಹೆಂಗಸು ಲೋಟ ಒರೆಸುತ್ತಿದ್ದರು, ಹೋಟೆಲಿನ ಯಜಮಾನಿ. ಕಲಿತ ಡಚ್ ಎಲ್ಲ ಹಾರಿಹೋಗಿ ಬಾಯಿಗೆ ಬಂದದ್ದು ಇಂಗ್ಲಿಷ್. "ಸಕ್ಕರೆ! ಸಕ್ಕರೆ ಕೊಡಿ! ನನ್ನ ಅಮ್ಮ!" ಎಂದೆ. ಅತ್ತೆ ಎನ್ನಲಿಲ್ಲ, ಅಮ್ಮ ಎಂದೆ. ಅದು ಗಮನಕ್ಕೆ ಬಂದದ್ದು ಎಷ್ಟೋ ಹೊತ್ತಿನ ಮೇಲೆ.

ಆಕೆ ಒಂದೂ ಪ್ರಶ್ನೆ ಕೇಳಲಿಲ್ಲ. ದೊಡ್ಡ ಲೋಟದ ತುಂಬ ಸೇಬಿನ ರಸ ಬಗ್ಗಿಸಿ, ಅದಕ್ಕೆ ಎರಡು ಚಮಚ ಸಕ್ಕರೆ ಸುರಿದು, ನನಗಿಂತ ಮುಂದೆ ತಾವೇ ಹೊರಗೋಡಿದರು. ಮೆಟ್ಟಿಲ ಮೇಲೆ ಕೂತು ಅತ್ತೆಯ ತಲೆ ತಮ್ಮ ತೋಳಿಗೆ ಒರಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದರು. ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣು ಪಿಳಿಪಿಳಿ ಬಿಟ್ಟು, "ಸುಮಾ, ಇದ್ಯಾರೇ?" ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು.

ಇಬ್ಬರೂ ಸೇರಿ ಅವರನ್ನು ಒಳಗೆ ನಡೆಸಿಕೊಂಡು ಬಂದು ಅಡುಗೆಮನೆ ಪಕ್ಕದ ಮೇಜಿಗೆ ಕೂರಿಸಿದೆವು. "ಈಗ ಏನಾದರೂ ತಿನ್ನುತ್ತೀರಾ?" ಎಂದು ಆ ಹೆಂಗಸು ಕೇಳಿದರು.

ನೀವು ನಂಬುವುದಿಲ್ಲ. "ಬೇಡ ಬೇಡ, ಇಷ್ಟು ಮಾಡಿದ್ದೇ ಸಾಕು" ಎಂದುಬಿಟ್ಟೆ!

"ಸರಿ" ಎಂದು ಆಕೆ ತಿರುಗಿ ಹೊರಟರು. ಒಂದು ಹೆಜ್ಜೆ, ಎರಡು ಹೆಜ್ಜೆ. ವಿಲ್ಮಾ ಬೀರುವಿನಲ್ಲಿಟ್ಟ ಎರಡು ತಟ್ಟೆಗಳು ಕಣ್ಮುಂದೆ ಬಂದವು. "ಬೇಕು!" ಎಂದು ಕೂಗಿದೆ. "ಬೇಕು, ನಮಗೆ ಹಸಿವಾಗಿದೆ. ತುಂಬಾ ಹಸಿವಾಗಿದೆ!" ಹೋಟೆಲಿನವರೆಲ್ಲ ತಿರುಗಿ ನೋಡಿದರು. ನನಗೆ ಆಗ ನಾಚಿಕೆ ಎಂಬುದು ಎಳ್ಳಷ್ಟೂ ಆಗಲಿಲ್ಲ.

ಮಾಂಸ, ಮೀನು, ಮೊಟ್ಟೆ ಯಾವುದೂ ಆಗುವುದಿಲ್ಲ ಎಂದು ಹೇಳಿದೆ. ಮತ್ತೆ ಏನು ತಿನ್ನುತ್ತೀರಿ ಎಂದರು. ಅನ್ನ, ಹಾಲು ಎಂದೆ. ಆಕೆ ಜೋರಾಗಿ ನಕ್ಕುಬಿಟ್ಟರು. "ಅನ್ನ, ಹಾಲು? ಮಹಡಿ ಮೇಲೆ ನಮ್ಮಪ್ಪ ಇದ್ದಾರೆ, ಅವರೂ ಅದನ್ನೇ ತಿನ್ನೋದು!" ಎನ್ನುತ್ತಾ ಒಳಗೆ ಹೋಗಿ ಎರಡು ಬಟ್ಟಲು ತಂದಿಟ್ಟರು. ಹಾಲಿನಲ್ಲಿ ಬೆಂದು ಮೆತ್ತಗಾದ ಅಕ್ಕಿ, ಮೇಲೆ ಕಂದು ಸಕ್ಕರೆ, ದಾಲ್ಚಿನ್ನಿ ಪುಡಿ. ತಂದೆಗಾಗಿ ಮಾಡಿಟ್ಟಿದ್ದ ಗಂಜಿಯಂತೆ ಅದು. ನಾನು ಕೇಳುವ ಮೊದಲೇ ಮೊಟ್ಟೆ ಇಲ್ಲ ಎಂದು ಆಣೆ ಮಾಡಿ ಹೇಳಿದರು.

ಅತ್ತೆ ಬಗ್ಗಿ ಮೂಸಿದರು. "ಪಾಯಸ ಅಲ್ವೇನೇ ಇದು!" ಎಂದು ಚಮಚ ಹಿಡಿದರು. ಅರ್ಧ ಬಟ್ಟಲು ಮುಗಿಸಿದರು. ಆಮೇಲೆ ತಲೆ ಎತ್ತಿ, "ಎಲ್ಲಾ ಸರಿ. ಒಂದೆರಡು ಏಲಕ್ಕಿ ಕುಟ್ಟಿ ಹಾಕ್ಬೇಕಿತ್ತು" ಎಂದರು.

ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ನುಗ್ಗಿ ಬಂತು. ಅತ್ತೆ ಕೊರತೆ ಹುಡುಕಿದ್ದಕ್ಕೆ ನಾನು ಸಂತೋಷದಿಂದ ಅತ್ತದ್ದು ಜೀವನದಲ್ಲಿ ಅದೇ ಮೊದಲು. "ಯಾಕಮ್ಮಾ ಅಳ್ತೀಯಾ, ಏಲಕ್ಕಿ ಇಲ್ದಿದ್ರೂ ಚೆನ್ನಾಗೇ ಇದೆ" ಎಂದು ಅವರು ಸೆರಗಿನಿಂದ ನನ್ನ ಮುಖ ಒರೆಸಿದರು. ಹೊರಡುವಾಗ ಆ ಹೆಂಗಸಿನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಆಕೆ ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದರು. ಅದನ್ನು ಮಾತ್ರ ನಾನು ಅನುವಾದ ಮಾಡಲಿಲ್ಲ.

ಮುಂದಿನ ವಾರ ತರಗತಿಯಲ್ಲಿ ನಗಿಸೋಣ ಎಂದು ಈ ಕಥೆಯನ್ನೆಲ್ಲ ವಿಲ್ಮಾಗೆ ಹೇಳಿದೆ. ಅವರು ನಗಲಿಲ್ಲ. ಮುಖ ಬಿಳುಚಿಕೊಂಡಿತು.

"ನೀವು ಬೇಡ ಅಂದಿರಿ. ನಾನು ನಂಬಿದೆ" ಎಂದರು. "ಇನ್ನೊಂದು ಸಲ ಕೇಳಿದ್ದರೆ, ನೀವು ಸುಳ್ಳು ಹೇಳುತ್ತಿದ್ದೀರಿ ಅಂದ ಹಾಗಾಗುತ್ತಿತ್ತಲ್ಲ?"

ಅಷ್ಟು ದಿನ ಮನಸ್ಸಿನಲ್ಲೇ ಅವರನ್ನು ಜಿಪುಣಿ ಎಂದು ಬೈದುಕೊಂಡಿದ್ದೆ. ಅವರು ನನ್ನ ಮಾತಿಗೆ ಮರ್ಯಾದೆ ಕೊಟ್ಟಿದ್ದರು, ಅಷ್ಟೇ. ನನ್ನ ಮಾತಿಗೆ ನಾನೇ ಕೊಡದಷ್ಟು ಮರ್ಯಾದೆ.

ಅತ್ತೆ ವಿಲ್ಮಾರನ್ನು ನಮ್ಮ ಮನೆಗೆ ಊಟಕ್ಕೆ ಕರೆಸಿದರು. ಎರಡು ದೋಸೆ ಆದ ಮೇಲೆ ವಿಲ್ಮಾ ಸಾಕು ಎಂದರು. ಮೂರನೆಯದನ್ನು ಎತ್ತಿಕೊಂಡು ಬಂದಿದ್ದ ಅತ್ತೆಯ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. "ಇವರದ್ದು ನಿಜವಾದ ಸಾಕೇನೇ?" ಎಂದು ನನ್ನನ್ನು ಕೇಳಿದರು. ಹೌದು ಎಂದೆ. ದೋಸೆ ವಾಪಸ್ ಹೋಯಿತು. ಅತ್ತೆಗೆ ಅದು ಎಷ್ಟು ಕಷ್ಟವಾಯಿತೆಂದು ನನಗೊಬ್ಬಳಿಗೇ ಗೊತ್ತು.

ಮೈಸೂರಿಗೆ ಹೋದ ಮೇಲೆ ಒಂದು ಭಾನುವಾರ ಅತ್ತೆ ಫೋನಿನಲ್ಲಿ ಹೇಳಿದರು. "ನಿನ್ನೆ ಪಕ್ಕದ ಬೀದಿ ಕಮಲಮ್ಮನ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ ಕಣೆ. ಊಟ ಮಾಡ್ಕೊಂಡು ಹೋಗಿ ಅಂದ್ಲು. ಆಗ್ಲಿ ಅಂದ್ಬಿಟ್ಟೆ. ಪಾಪ, ಅವಳ ಮನೇಲಿ ಅನ್ನವೇ ಇರ್ಲಿಲ್ಲ. ಎದ್ದೆನೋ ಬಿದ್ದೆನೋ ಅಂತ ಓಡಿ ಹೋಗಿ ಕುಕ್ಕರ್ ಇಟ್ಲು."

"ಅಯ್ಯೋ! ನೀವೇನ್ ಮಾಡಿದ್ರಿ ಅತ್ತೆ?"

"ಕೂತೆ" ಎಂದರು.

ನಾವಿಬ್ಬರೂ ಫೋನಿನಲ್ಲಿ ಎಷ್ಟು ನಕ್ಕೆವೆಂದರೆ ಯಜಮಾನರು ಗಾಬರಿಯಾಗಿ ಓಡಿ ಬಂದರು. ನಗುತ್ತಿದ್ದಾಗಲೂ ಆ ಮೆಟ್ಟಿಲು, ಆ ತಣ್ಣನೆಯ ಕೈ ನೆನಪಾಯಿತು. ಈಗ ಯಾರಾದರೂ ಊಟ ಮಾಡುತ್ತೀರಾ ಎಂದರೆ, ಹಸಿವಿದ್ದರೆ ಹೂಂ ಎನ್ನುತ್ತೇನೆ. ನನ್ನ ಮನೆಗೆ ಬಂದವರು ಬೇಡ ಎಂದರೆ ಮಾತ್ರ, ವಿಲ್ಮಾ ಕ್ಷಮಿಸಲಿ, ಇನ್ನೊಂದು ಸಲ ಕೇಳುತ್ತೇನೆ.