ಹೊಸ ಪೀಸ್ ಒಂದು ಬೇಕು

ಕಳೆದ ಮಂಗಳವಾರ ಸಂಜೆ 6:40. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಶರಣಪ್ಪ ಕಾಕಾ ನನ್ನ ಮುಖಕ್ಕೆ ಮೊಬೈಲ್ ಹಿಡಿದರು.

"ಓದ್ ತಂಗಿ. ನಾ ಏನ್ ನೀರಿನ ಪಂಪ್ ಏನು?"

ಸೊಸೈಟಿಯ ಆ್ಯಪ್ ಕಳಿಸಿದ ಮರಾಠಿ ಮೆಸೇಜ್. 'ಮೂರು ದೂರು ಬಂದಿವೆ. ಭಾನುವಾರ ಹಳೆಯದನ್ನು ತೆಗೆದು ಹೊಸದನ್ನು ಹಾಕಲಾಗುವುದು.'

ಬರೆದವಳು ನಾನೇ!

ಸೊಸೈಟಿಗೆ ದೂರಿನ ಆ್ಯಪ್ ಮಾಡಿಕೊಟ್ಟದ್ದು ನಾನು. ಲಿಫ್ಟ್ ಬೇರೆ, ಪಂಪ್ ಬೇರೆ, ಒಂದಕ್ಕೊಂದು ನೆಂಟಸ್ತಿಕೆಯಿಲ್ಲ. ಆದರೆ ಎರಡೂ ಕೆಡುತ್ತವೆ. ಹಾಗಾಗಿ ಪ್ರೋಗ್ರಾಮಿನಲ್ಲಿ ಎರಡಕ್ಕೂ ಒಂದೇ ಇಂಟರ್‌ಫೇಸ್ ಬರೆದೆ. ಕರಾರು ಪತ್ರ ಅನ್ನಿ. 'ನೀನು ಯಾರಾದರೂ ಆಗಿರು. ದೂರು ತಗೋ, ದುರಸ್ತಿಯಾಗು, ಆಗದಿದ್ದರೆ ಬದಲಾಗು.' ಸಹಿ ಹಾಕಿದವರೆಲ್ಲ ಆ್ಯಪ್‌ಗೆ ಒಂದೇ. ಒಳಗಿರುವುದು ಮೋಟಾರೋ ಮನುಷ್ಯನೋ, ಅದು ಕೇಳುವುದಿಲ್ಲ. (ಅದೇ ಅದರ ಸೊಗಸು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆ.)

ಆಮೇಲೆ ಸೆಕ್ರೆಟರಿ ಭಟ್ಟರು, "ವಾಚ್‌ಮನ್‌ನನ್ನೂ ಸೇರಿಸು ಮಾರಾಯ್ತಿ" ಎಂದರು. ಒಂದು ಸಾಲಿನ ಕೆಲಸ. ಸೇರಿಸಿದೆ.

ಕಾಕಾ ಮೇಲಿನ ದೂರುಗಳು: ಮಧ್ಯಾಹ್ನ ತೂಕಡಿಸಿದ್ದು, ಆಂಟಿಯೊಬ್ಬರ ಪಾರ್ಸೆಲ್ ವಾಪಸ್ ಕಳಿಸಿದ್ದು, ಸೆಕ್ರೆಟರಿಗೆ ಸಲಾಂ ಹೊಡೆಯದಿದ್ದದ್ದು. (ಮೂರನೆಯದು ಯಾರದೆಂದು ಹೇಳಬೇಕೇ?) ರೂಲ್ ಪ್ರಕಾರ ಮೂರಾದ ಕೂಡಲೇ ಆ್ಯಪ್ ಸೆಕ್ಯುರಿಟಿ ಏಜೆನ್ಸಿಗೆ ಮೇಲ್ ಹಾಕಿತ್ತು: 'ಹೊಸ ಪೀಸ್ ಒಂದು ಬೇಕು.' ಏಜೆನ್ಸಿ ಉತ್ತರಿಸಿತ್ತು: 'ಸ್ಟಾಕ್ ಇದೆ.'

ಭಟ್ಟರ ಮನೆಗೆ ಓಡಿದೆ. "ಅಂಕಲ್, ಕಾಕಾ ಕಲಬುರಗಿಯಿಂದ ಬಂದು ಒಂಬತ್ತು ವರ್ಷ ಆಯ್ತು. ಕೆಲಸ ಹೋದರೆ ಅವರು ಸಂಸಾರ ಮಾಡುವ ಗೇಟ್ ಪಕ್ಕದ ಖೋಲಿಯೂ ಹೋಯ್ತು. ಹೆಂಡತಿ, ಮಕ್ಕಳು ಎಲ್ಲಿಗೆ ಹೋಗಬೇಕು?"

"ಅದಕ್ಕೆ ನಾನು ಎಂತ ಮಾಡುವುದು? ನಿನ್ನ ಆ್ಯಪೇ ಹೇಳಿದ್ದಲ್ವಾ? ರೂಲ್ ಅಂದ್ರೆ ಎಲ್ಲರಿಗೂ ಒಂದೇ."

ಎಲ್ಲರಿಗೂ?

ಮನೆಗೆ ಬಂದು ಇನ್ನೊಂದು ಸಾಲು ಬರೆದೆ. ದೂರಿನ ಪಟ್ಟಿಯಲ್ಲಿ ಲಿಫ್ಟ್, ಪಂಪ್, ವಾಚ್‌ಮನ್ ಕೆಳಗೆ 'ಸೆಕ್ರೆಟರಿ' ಕಾಣಿಸಿಕೊಂಡಿತು. 7:10ಕ್ಕೆ ಮೊದಲ ದೂರು. 7:25ಕ್ಕೆ ಒಟ್ಟು ಹನ್ನೊಂದು. (ಒಂದು ಭಟ್ಟರ ಹೆಂಡತಿಯದು.)

7:30ಕ್ಕೆ ಭಟ್ಟರು ನಮ್ಮ ಬಾಗಿಲಲ್ಲಿ. ಬನಿಯನ್‌ನಲ್ಲಿ. ಕೈಯಲ್ಲಿ ಅದೇ ಮೆಸೇಜ್.

"ಎಂತ ಇದು? ನನ್ನನ್ನು ತೆಗೆದು ಹೊಸದು ಹಾಕ್ಲಿಕ್ಕೆ ನಾನೇನು ಲಿಫ್ಟಾ?"

ಬದಲಾಯಿಸುವ ರೂಲ್ ಅಲ್ಲೇ ರದ್ದಾಯಿತು. ಏಜೆನ್ಸಿಗೆ ಭಟ್ಟರೇ ಫೋನ್ ಮಾಡಿ ಹೊಸ ಪೀಸ್ ಬೇಡವೆಂದರು. ಕಾಕಾ ಉಳಿದರು, ಖೋಲಿ ಉಳಿಯಿತು. ಮನುಷ್ಯರ ಹೆಸರನ್ನೆಲ್ಲ ನಾನು ಆ ಕರಾರಿನಿಂದ ತೆಗೆದೆ.

ಕೆಳಗಿಳಿದು ಏಜೆನ್ಸಿಯ ಉತ್ತರದಿಂದ ಹಿಡಿದು ಎಲ್ಲ ಸುದ್ದಿ ಹೇಳಿದೆ. ಕಾಕಾ ಕೇಳಿದ್ದು ಇಷ್ಟೇ:

"ಯಾಕ್ ತಂಗಿ, ಸೆಕ್ರೆಟರಿ ಸ್ಟಾಕ್ ಇರ್ಲಿಲ್ಲೇನು?"