ಗೋಡೆಯಾಚೆಯ ಸಮುದ್ರ

ಕನ್ನಡಕ ಬದಲಿಸಲೆಂದು ಹೋದ ತಿಂಗಳು ದಾವಣಗೆರೆಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವರ ಮೇಜಿನ ಮೇಲೆ ಒಂದು ಪುಸ್ತಕ ತೆರೆದು ಬಿದ್ದಿತ್ತು. ಪುಟದ ತುಂಬ ಬಣ್ಣದ ಚುಕ್ಕಿಗಳು, ಚುಕ್ಕಿಗಳ ನಡುವೆ ಅಡಗಿರುವ ಒಂದು ಅಂಕಿ. ಕೆಂಪು ಬೇರೆ, ಹಸಿರು ಬೇರೆ ಎಂದು ಕಾಣುವವರು ಆ ಅಂಕಿಯನ್ನು ಓದುತ್ತಾರೆ. ನನಗೆ ಹದಿನೆಂಟನೇ ವಯಸ್ಸಿನಲ್ಲೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ತುಂಬ ಹೊತ್ತು ಕೂತೆ. ಗೆಳೆಯ ತೀರಿಕೊಂಡು ಐದು ತಿಂಗಳಾಗಿತ್ತು…

ಅದು ಎಪ್ಪತ್ತರ ದಶಕದ ಮೊದಲ ಭಾಗ. ಇಬ್ಬರೂ ಜಗಳೂರಿನವರು, ಒಂದೇ ಬೆಂಚಿನಲ್ಲಿ ಕೂತು ಎಸ್ಸೆಸ್ಸೆಲ್ಸಿ ಮುಗಿಸಿದವರು. ನೌಕಾಪಡೆಗೆ ಹುಡುಗರನ್ನು ಆರಿಸುತ್ತಾರೆಂದು ಪೇಪರಿನಲ್ಲಿ ನೋಡಿದವನು ನಾನು. ಅವನಿಗೆ ಅಂಥ ಆಸೆಯೇನೂ ಇರಲಿಲ್ಲ. ನಾನೇ ಎಳೆದುಕೊಂಡು ಹೋದೆ. ಓಟ, ಎದೆಯ ಅಳತೆ, ಲಿಖಿತ ಪರೀಕ್ಷೆ ಎಲ್ಲ ಮುಗಿದ ಮೇಲೆ ಈ ಚುಕ್ಕಿ ಪುಸ್ತಕ ಬಂತು. ಹಿಂದಿನ ಸಂಜೆ ಯಾರೋ ಅದರ ವಿಷಯ ಹೇಳಿದ್ದರು. ಕೆಂಪು ಹಸಿರಿನಲ್ಲಿ ನಾನು ತಡವರಿಸುವುದು ಅವನಿಗೆ ಗೊತ್ತಿತ್ತು. ತನ್ನ ಪರೀಕ್ಷೆ ಮುಗಿಸಿ ಹೊರಗೆ ಬರುತ್ತಲೇ ನನ್ನ ಕಿವಿಯಲ್ಲಿ ಅಂಕಿಗಳನ್ನು ಸಾಲಾಗಿ ಹೇಳಿದ. ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡು ಒಳಗೆ ಹೋದೆ. ಡಾಕ್ಟರು ಪುಸ್ತಕವನ್ನು ಹಿಂದಿನಿಂದ ತೆಗೆದರು. ನಾನು ಮೊದಲಿನಿಂದ ಹೇಳುತ್ತ ಹೋದೆ. ಅವರು ಬಯ್ಯಲೂ ಇಲ್ಲ, ನಕ್ಕು ನನ್ನ ಹೆಸರಿನ ಮೇಲೆ ಒಂದು ಗೀಟು ಎಳೆದರು.

ಅವನು ಹಡಗಿಗೆ ಹೋದ. ನಾನು ಜಗಳೂರಿನ ಬಸ್ ಸ್ಟ್ಯಾಂಡಿನ ಪಕ್ಕ ಸೈಕಲ್ ಅಂಗಡಿ ಇಟ್ಟೆ.

ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ. ಬಸ್ಸಿನಿಂದ ಇಳಿದವನು ಮನೆಗೆ ಹೋಗುವ ಮೊದಲೇ ಅಂಗಡಿಯ ಬೆಂಚಿನ ಮೇಲೆ ಕೂತು ಕಥೆ ಶುರು ಮಾಡುತ್ತಿದ್ದ. ಕೆಲಸ ನಿಲ್ಲಿಸಿ ಕೇಳುವವರು ಅಕ್ಕಪಕ್ಕದ ಅಂಗಡಿಯವರೆಲ್ಲ. ಸಮುದ್ರ ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

"ಸಮುದ್ರ ಹೆಂಗೈತಲೇ?" ಎಂದು ಮೊದಲ ರಜೆಯಲ್ಲೇ ಕೇಳಿದ್ದೆ.

"ನಂಗೇನು ಗೊತ್ತು? ನಾನಿರೋದು ಹಡಗಿನ ಹೊಟ್ಟೆಯೊಳಗೆ, ಇಂಜಿನ್ ಹತ್ರ. ಸಮುದ್ರ ಗೋಡೆ ಆಚೆ ಐತೆ. ಕೈ ಇಟ್ರೆ ಗೊತ್ತಾಗ್ತತೆ, ಅಷ್ಟೆ."

"ಹಂಗಾರೆ ಇವನಿಗಿಂತ ನಮ್ಮ ಬಸ್ಸಿನ ಕಂಡಕ್ಟ್ರೇ ವಾಸಿ ಬಿಡ್ರಿ, ಅವನಿಗೆ ಕಿಟಕಿನಾದ್ರೂ ಐತೆ!" ಎಂದ ಚಹದಂಗಡಿಯವನು. ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ಗೆಳೆಯನೇ.

ಹಡಗಿನಲ್ಲಿ ಸಿಹಿನೀರು ಅಳತೆಯ ಮೇಲೆ ಸಿಗುತ್ತದಂತೆ. ಹೊಳೆಯ ದಡದ ಊರುಗಳಿಂದ ಬಂದ ಹುಡುಗರು ಒಂದೇ ಬಕೆಟ್ಟಿನಲ್ಲಿ ಸ್ನಾನ ಮುಗಿಸಲಾರದೆ ಸೋಪಿನ ನೊರೆಯಲ್ಲೇ ನಿಂತುಬಿಡುತ್ತಿದ್ದರಂತೆ. "ನಾನು ಅರ್ಧ ಬಕೆಟ್ನಾಗೆ ಮುಗಿಸಿ ಉಳಿದಿದ್ರಾಗೆ ಬನೀನ್ ಒಗೀತಿದ್ದೆ. ಬರದ ಜಗಳೂರೋರಿಗೆ ಇದನ್ನ ಯಾರು ಕಲಿಸ್ಬೇಕು?" ಎನ್ನುತ್ತಿದ್ದ. ಅದನ್ನು ನೋಡಿದ ಒಬ್ಬ ಮೇಲಧಿಕಾರಿ ಎಲ್ಲರನ್ನೂ ಕರೆದು ಅವನ ಸ್ನಾನವನ್ನು ಪಾಠದಂತೆ ತೋರಿಸಿದರಂತೆ.

ಕೇಳುವುದು ನನಗೆ ಸುಲಭವಿರಲಿಲ್ಲ. ಆದರೂ ಒಂದು ದಿನವೂ ಎದ್ದು ಹೋಗಲಿಲ್ಲ. ಕೂತು ಕೇಳಬೇಕು ಎಂದು ನನಗೆ ನಾನೇ ಕಟ್ಟುಮಾಡಿಕೊಂಡಿದ್ದೆ.

ಐದನೆಯದೋ ಆರನೆಯದೋ ರಜೆ… ಆ ಸಲ ಬಂದವನು ಕಥೆ ಹೇಳಲಿಲ್ಲ. ಬೆಂಚಿನ ಮೇಲೂ ಕೂರಲಿಲ್ಲ. ಅಂಗಡಿಯ ಒಳಗೆ ನೆಲದ ಮೇಲೆ ಕೂತು ಚಕ್ರದ ಕಡ್ಡಿಗಳನ್ನು ಬಿಗಿಮಾಡುತ್ತಿದ್ದ. ರಜೆ ಮುಗಿಯಲು ಎರಡು ದಿನ ಇದ್ದಾಗ, ಕೈಯಲ್ಲಿದ್ದ ಪಾನಾ ಕೆಳಗಿಡದೆಯೇ ಹೇಳಿದ: "ನಾ ಇನ್ನು ಹೋಗಲ್ಲ. ನಿನ್ನ ಹತ್ರ ಪಂಕ್ಚರ್ ಹಾಕ್ಕೊಂಡಿರ್ತೀನಿ."

ಹಡಗಿನಲ್ಲಿ ಅವನಿಗೆ ಜ್ವರ ಬಂದಿದ್ದ ದಿನ ಪಕ್ಕದ ಹಾಸಿಗೆಯ ಗೆಳೆಯನೊಬ್ಬ ಅವನ ಪಾಳಿಗೆ ಇಳಿದಿದ್ದನಂತೆ. ಸಮುದ್ರ ಕೆರಳಿತ್ತು. ಹಡಗು ಹೊರಳಿದಾಗ ಕಬ್ಬಿಣದ ಏಣಿಯಿಂದ ಜಾರಿ ಬಿದ್ದ ಆ ಹುಡುಗ ಮತ್ತೆ ಏಳಲಿಲ್ಲ. "ಬೀಳಬೇಕಾಗಿದ್ದು ನಾನು ಕಣಲೇ," ಎಂದ.

ಹೇಳದೆ ಕೇಳದೆ ಉಳಿದುಬಿಟ್ಟರೆ ಹುಡುಕಿಕೊಂಡು ಬಂದು ಹಿಡಿದುಕೊಂಡು ಹೋಗುತ್ತಾರೆ, ಶಿಕ್ಷೆಯಾಗುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ನಾನು ಅದನ್ನೇ ಹೇಳಿದೆ. ಅವನು ಮತ್ತೊಂದು ಕಡ್ಡಿ ಬಿಗಿಮಾಡಲು ಶುರು ಮಾಡಿದ. ಆಗ ನನ್ನ ಬಾಯಿಂದ ಬೇರೆ ಮಾತು ಬಂತು. "ನನ್ನ ಕಣ್ಣು ನೆಟ್ಟಗಿದ್ದಿದ್ರೆ ನಾನೇ ಹೋಗಿರ್ತಿದ್ದೆ. ಆ ಜಾಗ ಸಿಗಲಿಲ್ಲ ಅಂತ ಒಂದು ವರ್ಷ ಉಂಡಿದ್ದು ಮೈಗೆ ಹತ್ತಿಲ್ಲ ನಂಗೆ. ಅದನ್ನ ಬಿಸಾಕಾಕೆ ನಾ ಬಿಡಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಅಷ್ಟು ವರ್ಷದಲ್ಲಿ ಆ ಮಾತನ್ನು ನಾನು ಒಮ್ಮೆಯೂ ಹೊರಗೆ ಹಾಕಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ಅವನ ಟ್ರಂಕನ್ನು ಎತ್ತಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದೆ. ಮಗ ಹೋಗುವುದಿಲ್ಲವೆಂದು ಹಿಗ್ಗಿದ್ದ ಅವನ ಅವ್ವ ಸೈಕಲ್ಲಿಗೆ ಅಡ್ಡ ನಿಂತರು. "ನನ್ನ ಮಗನ್ನ ಕಳ್ಸಾಕೆ ನೀ ಯಾರಪ್ಪ? ನಿಮ್ಮವ್ವನ ಮಗ ಮನೇಲೇ ಅದಾನಲ್ಲ!" ಎಂದರು. ಪಕ್ಕಕ್ಕೆ ಸರಿದು ಸೈಕಲ್ ತಳ್ಳಿಕೊಂಡು ಹೊರಟೆ. ಸ್ವಲ್ಪ ಹೊತ್ತಿಗೆ ಹಿಂದೆ ಅವನ ಬೂಟಿನ ಸದ್ದು ಕೇಳಿಸಿತು. ದಾವಣಗೆರೆಯ ಸ್ಟೇಷನ್ನಿನವರೆಗೂ ಬಸ್ಸಿನಲ್ಲಿ ಜೊತೆಗೆ ಹೋದೆ. ಹಲ್ಲು ಕಚ್ಚಿ ನಿಂತು ರೈಲು ಹತ್ತಿಸಿ ಬಂದೆ.

ಅವನು ಪೂರ್ತಿ ಸೇವೆ ಮುಗಿಸಿ ಎಂಬತ್ತರ ದಶಕದ ಕೊನೆಗೆ ಊರಿಗೆ ಬಂದ. ಇಂಜಿನ್ನಿನ ಸದ್ದಿಗೆ ಒಂದು ಕಿವಿ ಹೋಗಿತ್ತು. ಹಿಟ್ಟಿನ ಗಿರಣಿ ಇಟ್ಟ, ಮದುವೆ ಮಾಡಿಕೊಂಡ. ಊರಿಗೆಲ್ಲ ಹಡಗಿನ ಕಥೆ ಹೇಳುತ್ತಿದ್ದ. ಆದರೆ ನಾನು ಬಂದು ಕೂತರೆ ಮಾತು ಮಳೆಗೆ, ಶೇಂಗಾಕ್ಕೆ ತಿರುಗುತ್ತಿತ್ತು. ಆ ರೈಲಿನ ದಿನದಿಂದ ನನ್ನ ಮುಂದೆ ಹಡಗಿನ ಒಂದು ಮಾತನ್ನೂ ಅವನು ಆಡಲಿಲ್ಲ. ಸಿಟ್ಟು ಉಳಿದಿದೆ ಎಂದುಕೊಂಡೆ. ದಿನಾ ಒಟ್ಟಿಗೆ ಚಹ ಕುಡಿಯುತ್ತಿದ್ದೆವು, ಮಕ್ಕಳ ಮದುವೆಗೆ ಒಟ್ಟಿಗೆ ಓಡಾಡಿದೆವು… ಇದೊಂದನ್ನು ಮಾತ್ರ ಕೇಳಲಿಲ್ಲ. ಅವನನ್ನು ಕಳಿಸಿದ್ದು ಸರಿ ಎಂದು ಈಗಲೂ ಹೇಳುತ್ತೇನೆ. ಕೇಳದೆ ಇದ್ದದ್ದು ತಪ್ಪು.

ಅವನ ಮಗಳು ಹೊನ್ನಾಳಿಯಲ್ಲಿ ಟೀಚರು. ಅಂದು ಕಣ್ಣಿನ ಡಾಕ್ಟರ ಬೆಂಚಿನಿಂದ ಎದ್ದವನು ಊರಿಗೆ ಬರದೆ ಹೊನ್ನಾಳಿಯ ಬಸ್ಸು ಹತ್ತಿದೆ.

"ನಿಮ್ಮಪ್ಪ ಹೇಳಿದ ಹಡಗಿನ ಕಥೆ ಎಲ್ಲಾ ನಂಗೂ ಹೇಳವ್ವ. ನಾನು ಅರ್ಧಕ್ಕೇ ನಿಂತೀನಿ," ಎಂದೆ.

"ಅಪ್ಪ ಭಾಳ ಸಲ ಹೇಳ್ತಿದ್ದಿದ್ದು ನಿಮ್ಮ ಕಥೇನೇ ಕಾಕಾ," ಎಂದಳು. "ಹರಿಹರದಾಗೆ ಇಳಿದು ವಾಪಸ್ ಬರಾಕೆ ಮನಸ್ಸು ಮಾಡಿದ್ರಂತೆ. ಆದ್ರೆ ರೈಲು ಬಿಟ್ಟಾಗ ನೀವು ಪ್ಲಾಟ್‌ಫಾರಂ ಮ್ಯಾಲೆ ಅಳ್ತಿದ್ರಂತೆ. ಅಷ್ಟು ಆಸೆ ಇದ್ದೋನು ಕಳಿಸ್ಯಾನೆ, ಹೆಂಗೆ ಇಳೀಲಿ ಅಂತಿದ್ರು. ಅವನ ಮುಂದೆ ಹಡಗಿನ ಸುದ್ದಿ ಎತ್ತಬ್ಯಾಡ್ರಿ, ಅವನಿಗೆ ಸಂಕಟ ಆಗ್ತತೆ ಅಂತ ನಮಗೂ ಹೇಳಿದ್ರು."

ಅತ್ತ ನೆನಪು ನನಗಿಲ್ಲ. ಹೌದೋ ಅಲ್ಲವೋ ಎಂದು ಕೇಳಲು ಇನ್ನು ಯಾರೂ ಇಲ್ಲ.

ಜಗಳೂರಿಗೆ ಹೋಗಬೇಕಾದರೆ ಈಗಲೇ ಹೊರಡಬೇಕು, ಆಮೇಲೆ ಬಸ್ಸಿಲ್ಲ ಎಂದಳು. ಕಾಲು ಮಡಚಿ ಗೋಡೆಗೆ ಒರಗಿ ಕೂತೆ. "ಇರ್ಲಿ. ಮುಂದಿಂದು ಹೇಳವ್ವ," ಎಂದೆ.