ಹೆತ್ತವಳ ಕೈಯ ರೋಸು

ಅಜೆಕಾರಿನ ಬೆನೆಡಿಕ್ಟಾ ಮದುವೆಮನೆಯ ಓವಿ ಹಾಡು ಕಲಿತದ್ದು ಭತ್ತ ಬೇಯಿಸುವ ಹಂಡೆಯ ಮುಂದೆ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತಾ ತಾಯಿ ಗುನುಗುತ್ತಿದ್ದುದನ್ನು ಕೇಳಿ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸಿನ ಶಾಸ್ತ್ರ ಎಲ್ಲಿದ್ದರೂ, ಸುತ್ತಲಿನ ಕ್ರೈಸ್ತರ ಮನೆಗಳಿಗೆ ಅವಳ ದನಿಯೇ ಬೇಕಿತ್ತು. ಬಾವಿ ತೋಡುವಾಗ ಮಣ್ಣು ಕುಸಿದು ಗಂಡ ರೇಮಂಡ್ ತೀರಿಕೊಂಡ ಮೇಲೆ ಯಾರೂ ಕರೆಯಲಿಲ್ಲ. ವಿಧವೆ ಓವಿ ಎತ್ತಬಾರದು, ರೋಸು ಮುಟ್ಟಬಾರದು. ಅವಳು ವಾದಿಸಲಿಲ್ಲ. ಹಂಡೆಯ ಮುಂದೆ ಒಬ್ಬಳೇ ಹಾಡಿಕೊಂಡಳು.

೧೯೫೮ರಲ್ಲಿ ಅವಳ ಒಬ್ಬಳೇ ಮಗಳು ಡುಲ್ಸಿನ್‌ಗೆ ಕಾಪುವಿನಿಂದ ಸಂಬಂಧ ಕೂಡಿಬಂತು. ರೋಸಿನ ಸಂಜೆ ಡುಲ್ಸಿನ್ ಚಪ್ಪರದ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ರೇಮಂಡನ ಅಣ್ಣ ಸ್ಟ್ಯಾನಿಸ್ಲಾಸ್ ತೆಂಗಿನ ಹಾಲಿನ ಬಟ್ಟಲನ್ನು ತನ್ನ ಹೆಂಡತಿ ಬರ್ತಾಳ ಕೈಗಿಟ್ಟ. ಆಗ ಬೆನೆಡಿಕ್ಟಾ ಅಡುಗೆಮನೆಯಿಂದ ಬಂದು ಚಪ್ಪರದ ನಡುವೆ ನಿಂತಳು.

“ಮೊದಲ ಓವಿ ಎಂತ ಹೇಳ್ತದೆ, ಭಾವೋಜಿ?”

“ನಿನಗೆ ಗೊತ್ತಿಲ್ವಾ? ‘ಹೆತ್ತವಳೇ ಬಾ, ಮೊದಲ ರೋಸು ನಿನ್ನದೇ.’”

“ಹೆತ್ತವಳು ಯಾರು? ಬರ್ತಕ್ಕನಾ?”

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಅದರ ಅರ್ಥ ಹಾಗಲ್ಲ,” ಎಂದ ಸ್ಟ್ಯಾನಿಸ್ಲಾಸ್. “ಹೆತ್ತವಳು ಅಂದ್ರೆ ಗಂಡ ಇರುವ ತಾಯಿ. ಹಿರಿಯರು ಹೇಳಿದ ಅರ್ಥ ಅದು.”

“ಗಂಡನ ಸುದ್ದಿ ಆ ಹಾಡಿನಲ್ಲಿ ಎಲ್ಲಿ ಉಂಟು? ನೋವು ತಿಂದದ್ದು ನಾನು. ಇವಳ ಅಪ್ಪ ಆ ಹೊತ್ತಿಗೆ ಕಾರ್ಕಳ ಪೇಟೆಯಲ್ಲಿ ಎತ್ತು ನೋಡ್ತಾ ಇದ್ರು.”

“ಅಪಶಕುನ ಆದ್ರೆ?”

“ಅಪಶಕುನದ ಕೈಯ ಗಂಜಿ ಕುಡಿದೇ ಇವಳು ಇಷ್ಟು ಬೆಳೆದದ್ದು.”

ಅಷ್ಟು ಹೇಳಿ ಅವಳು ಓವಿ ಎತ್ತಿದಳು. ಒಬ್ಬರು ಹಾಡಿದ ಸಾಲನ್ನು ಉಳಿದವರು ಮರಳಿ ಹೇಳಬೇಕು. ಹೇಳದಿದ್ದರೆ ಓವಿ ಅಲ್ಲಿಗೇ ನಿಲ್ಲುತ್ತದೆ. ಸಾಲು ಮುಗಿಯಿತು. ಯಾರೂ ಬಾಯಿ ತೆರೆಯಲಿಲ್ಲ. ಬೆನೆಡಿಕ್ಟಾ ಅದೇ ಸಾಲನ್ನು ಮತ್ತೆ ಹಾಡಿದಳು. ದನಿ ಒಡೆಯಿತು, ತಗ್ಗಲಿಲ್ಲ.

ಮದುಮಗಳು ಆ ಹೊತ್ತಿನಲ್ಲಿ ತುಟಿ ಬಿಚ್ಚುವಂತಿಲ್ಲ. ಡುಲ್ಸಿನ್ ತಲೆಯೆತ್ತಿ ಸಾಲನ್ನು ಮರಳಿ ಹೇಳಿದಳು.

“ಅಯ್ಯೋ ದೇವರೇ, ಮದುಮಗಳೇ ಹಾಡುವುದಾ!” ಎಂದಳು ಹೆಂಗಸರ ಸಾಲಿನಲ್ಲಿದ್ದ ಒಬ್ಬ ಮುದುಕಿ.

“ಬಾಯಿ ಮುಚ್ಚು, ಮಗಾ,” ಎಂದ ಸ್ಟ್ಯಾನಿಸ್ಲಾಸ್.

ಡುಲ್ಸಿನ್ ಇನ್ನೂ ಗಟ್ಟಿಯಾಗಿ ಹಾಡಿದಳು. ಬರ್ತಾ ಗಂಡನ ಮುಖ ನೋಡಿದಳು, ಕೈಯಲ್ಲಿದ್ದ ಬಟ್ಟಲು ನೋಡಿದಳು.

“ನಾನು ಹೆತ್ತದ್ದು ನಾಲ್ಕೂ ಗಂಡು, ಮಾರಾಯ್ರೆ. ಇದು ನನ್ನದಲ್ಲ,” ಎಂದು ಬಟ್ಟಲನ್ನು ಬೆನೆಡಿಕ್ಟಾಳ ಕೈಗೆ ಕೊಟ್ಟಳು.

ಸ್ಟ್ಯಾನಿಸ್ಲಾಸ್ ಊಟ ಮಾಡದೆ ಹೊರಟ. ಬೆನೆಡಿಕ್ಟಾ ತಡೆಯಲಿಲ್ಲ. ಮಗಳ ನೆತ್ತಿಗೆ ಬೊಗಸೆ ತುಂಬ ಹಾಲು ಸುರಿದು, ಜೊತೆಗೆ ಯಾರ ದನಿ ಬರುತ್ತದೆಂದು ತಿರುಗಿ ನೋಡದೆ, ಎರಡನೆಯ ಓವಿ ಎತ್ತಿದಳು.